ಎರಡನೇ ಸಲದ ದನಿ

ಹಾಸಿಗೆ ಅಂಗಡಿಯ ನೆಲಮಾಳಿಗೆಯಲ್ಲಿ ಅಕ್ಕನ ರೆಕಾರ್ಡಿಂಗ್ ಕೋಣೆ. ಗೋಡೆ, ಬಾಗಿಲು, ಕೊನೆಗೆ ಸೂರಿಗೂ ಅವಳು ಹಳೇ ಹಾಸಿಗೆಗಳನ್ನೇ ಜಡಿದಿದ್ದಳು. "ಮೇಲೆ ಮಾರಾಟ ಆಗದ್ದಕ್ಕೆ ಕೆಳಗಾದ್ರೂ ಮರ್ಯಾದೆ ಸಿಕ್ತಲ್ಲ" ಎಂದು ಅಂಗಡಿಯವನು ನಗುತ್ತಿದ್ದ. ನಗಲಿ ಬಿಡಿ. ಆ ಕೋಣೆಯಲ್ಲಿ ಕೂತರೆ ಬೀದಿಯ ಒಂದು ಹಾರ್ನೂ ಕೇಳದು. ಕೇಳುವುದು ನಮ್ಮ ಉಸಿರು, ನಮ್ಮ ಎದೆಬಡಿತ, ಅಷ್ಟೇ. ಹೊಸಬರು ಸ್ವಲ್ಪ ಹೊತ್ತಿಗೇ ಬೆವರಿ, "ಒಂಚೂರು ಆಚೆ ಹೋಗಿ ಬರ್ತೀನಿ" ಎಂದು ಮೆಟ್ಟಿಲು ಹತ್ತುತ್ತಿದ್ದರು.

ಅಲ್ಲಿ ಬೆವರದೆ ನಿಲ್ಲುತ್ತಿದ್ದವನು ಅವಳ ತಮ್ಮ ಒಬ್ಬನೇ. ಮನೆಯವರು ಇಟ್ಟ ಅಡ್ಡಹೆಸರು ಚಿನಕುರಳಿ. ಮಾತು ಕಲಿತಂದಿನಿಂದ ಪಟಪಟ ಸಿಡಿಯುತ್ತಿದ್ದವನು ದೊಡ್ಡವನಾಗಿ ರ‍್ಯಾಪ್ ಹಾಡುಗಾರನಾದ. ಇನ್ನೇನಾದಾನು! ಶುರುವಿನಲ್ಲಿ ಅವನ ಬೆನ್ನ ಹಿಂದೆ ನಿಲ್ಲುತ್ತಿದ್ದವಳು ಅಕ್ಕನೇ. ಅಷ್ಟು ವೇಗದ ಹಾಡಿನಲ್ಲಿ ಉಸಿರಿಗೆ ಜಾಗವೆಲ್ಲಿ? ಅದಕ್ಕೇ ಸಾಲಿನ ಕೊನೆಯ ಪದವನ್ನು ಹಿಂದಿರುವವರು ಎತ್ತಿಕೊಳ್ಳಬೇಕು; ಆ ಸಂದಿಯಲ್ಲಿ ಮುಂದಿರುವವನು ಉಸಿರೆಳೆದುಕೊಳ್ಳಬೇಕು. ಅವನಿಗೆ ಹೆಸರು ಬಂದ ಮೇಲೆ ಜನಕ್ಕೆ ಅವನೊಬ್ಬನೇ ಸಾಕಾದ. ಅಕ್ಕ ಹಾಡುವ ಜಾಗದ ಗಾಜಿನ ಈಚೆ ಬಂದು, ದನಿ ಹಿಡಿಯುವ ಮೆಷಿನ್ನಿನ ಮುಂದೆ ಕೂತಳು.

ಆಮೇಲೆ ಅವನ ಹಿಂದೆ ಇನ್ಯಾರೋ ಬಂದು ನಿಂತರು.

"ಅಕ್ಕಾ, ಹೆಡ್‌ಫೋನಲ್ಲಿ ಯಾರೋ ಮಾತಾಡ್ತಾರೆ" ಎಂದು ಅವನು ಮೊದಲು ಹೇಳಿದ್ದು ಅವಳಿಗೇ. "ವೈರು ಗುಂಯ್ ಅನ್ನುತ್ತೆ ಕಣೋ, ತಲೆ ಕೆಡಿಸ್ಕೋಬೇಡ" ಎಂದುಬಿಟ್ಟಳು. ಅಲ್ಲಿಗೆ ಅವನು ಹೇಳುವುದನ್ನು ನಿಲ್ಲಿಸಿದ. ನಿಂತದ್ದು ಹೇಳುವುದು ಮಾತ್ರ, ಕೇಳಿಸುವುದಲ್ಲ. ಒಂದು ಬೆಳಗ್ಗೆ ಫ್ಲೈಓವರಿನ ತಡೆಗೋಡೆಯ ಮೇಲೆ ನಿಂತಿದ್ದವನನ್ನು ಬಸ್ ಡ್ರೈವರೊಬ್ಬ ಸೊಂಟ ಹಿಡಿದು ಇಳಿಸಿಕೊಂಡ. ಆಸ್ಪತ್ರೆ, ಡಾಕ್ಟರಮ್ಮ, ಮಾತ್ರೆ. "ಒಂದು ದಿನಾನೂ ತಪ್ಪಿಸೋ ಹಾಗಿಲ್ಲ. ತಪ್ಪಿಸಿದ್ರೆ ಮತ್ತೆ ಅದೇ ಗೋಡೆ" ಎಂದು ಆಕೆ ಮುಲಾಜಿಲ್ಲದೆ ಹೇಳಿದ್ದರು. ಅಂದಿನಿಂದ ದಿನಾ ಅಕ್ಕನೇ ಮಾತ್ರೆ ಕೈಗಿಟ್ಟು, ಅವನು ನೀರು ಕುಡಿಯುವ ತನಕ ಎದುರಿಗೇ ನಿಲ್ಲುತ್ತಿದ್ದಳು. "ಇದನ್ನ ನುಂಗಿದ್ರೆ ನಾಲಿಗೆಗೆ ಕಂಬಳಿ ಹೊದಿಸಿದ ಹಾಗಾಗುತ್ತೆ, ಒಂದು ಪ್ರಾಸಾನೂ ಹುಟ್ಟಲ್ಲ" ಎಂದು ಗೊಣಗುತ್ತಿದ್ದ. ಗೊಣಗಲಿ, ಬದುಕಿರಲಿ ಎಂದುಕೊಳ್ಳುತ್ತಿದ್ದಳು.

ಅಂಥವನು ಅವತ್ತು ಮಧ್ಯಾಹ್ನ, "ಅಕ್ಕಾ, ಹಾಡು ಬಂದಿದೆ" ಎಂದು ಮೆಟ್ಟಿಲಿಳಿದು ಬಂದ. ಮುಖದಲ್ಲಿ ಹಳೆಯ ಕಳೆ. ಅಕ್ಕನಿಗೆ ಹಿಗ್ಗೋ ಹಿಗ್ಗು. ಗಾಜಿನಾಚೆಯ ದೀಪ ಮಂದ ಮಾಡಿಸಿಕೊಂಡು ಶುರು ಮಾಡಿದ.

ಕನ್ನಡಿ ಒರೆಸ್ದೆ, ಒಳಗಿದ್ದೋನು ನಾನಲ್ಲ,
ಮುನ್ನಡಿ ಇಟ್ಟೆ, ಹಿಂದಿದ್ದೋನು ನಿಂತಿಲ್ಲ...

ಒಂದೇ ಉಸಿರಿಗೆ, ಎಲ್ಲೂ ತೊದಲದೆ ಮುಗಿಸಿದ. ಅವಳ ಮೈ ಜುಮ್ಮೆಂದಿತು.

ಇಂಥ ಹಾಡಿಗೆ ಒಂದು ಪದ್ಧತಿಯಿದೆ. ಮೊದಲು ಹಾಡಿದ್ದನ್ನು ಕಿವಿಗೆ ಹಾಕಿಕೊಂಡು, ಅದರ ಮೇಲೆಯೇ ಇನ್ನೊಮ್ಮೆ ಹಾಡಬೇಕು. ದನಿ ದಪ್ಪಗಾಗುತ್ತದೆ. ಎಂಥ ಹಾಡುಗಾರನಾದರೂ ಎರಡನೇ ಸಲ ಕೂದಲೆಳೆಯಷ್ಟಾದರೂ ಹಿಂದೆ ಮುಂದೆ ಆಗೇ ಆಗುತ್ತಾನೆ. ಆ ಕೂದಲೆಳೆಯೇ ದಪ್ಪದ ಗುಟ್ಟು. "ಎರಡನೇ ಸಲ ನಾನು ಗೋಡೆ ಕಡೆ ತಿರುಗಿ ಹಾಡ್ತೀನಿ" ಎಂದ ಚಿನಕುರಳಿ. ಹಾಡುಗಾರರ ತಿಕ್ಕಲುತನ ಒಂದೇ ಎರಡೇ, ಅಕ್ಕ ಹೂಂ ಅಂದಳು. ಅವನ ಬೆನ್ನು ತೂಗುತ್ತಿತ್ತು, ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಅವಳ ಸ್ಪೀಕರಿನಲ್ಲಿ ಹಾಡು ಮೊಳಗುತ್ತಿತ್ತು. ಮುಗಿದ ಮೇಲೆ ಅವನು ಹೆಡ್‌ಫೋನ್ ಕಳಚಿ, ಅಲ್ಲೇ ಗೋಡೆಗೊರಗಿ ನೆಲಕ್ಕೆ ಕೂತ.

ಅಕ್ಕ ಎರಡನ್ನೂ ಸೇರಿಸಿ ಕೇಳಿದಳು. ದನಿ ಜೋರಾಯಿತೇ ಹೊರತು ದಪ್ಪಗಾಗಲಿಲ್ಲ.

ಇದೇನು ಗ್ರಹಚಾರ ಎಂದುಕೊಂಡು ಇನ್ನೊಮ್ಮೆ ಕೇಳಿದಳು. ಅದೇ. ಇಂಥದ್ದನ್ನು ಪತ್ತೆ ಮಾಡಲು ಮೆಷಿನ್ನಿನಲ್ಲಿ ಒಂದು ಗುಂಡಿಯಿದೆ, ಅವಳು ಅದಕ್ಕೆ ಉಲ್ಟಾ ಗುಂಡಿ ಅನ್ನುತ್ತಿದ್ದಳು. ಅದನ್ನೊತ್ತಿದರೆ ಎರಡರಲ್ಲೂ ತದ್ರೂಪಾಗಿರುವ ದನಿ ಒಂದನ್ನೊಂದು ತಿಂದು ಇಲ್ಲವಾಗುತ್ತದೆ. ವ್ಯತ್ಯಾಸವಿರುವುದು ಮಾತ್ರ ಉಳಿಯುತ್ತದೆ. ಹೆಡ್‌ಫೋನ್ ಕಿವಿಗಿಟ್ಟು ಒತ್ತಿದಳು.

ಹಾಡು ಪೂರ್ತಿ ಮಾಯವಾಯಿತು. ಒಂದಕ್ಷರವೂ ಉಳಿಯಲಿಲ್ಲ.

ಎರಡು ಸಲ ತದ್ರೂಪಾಗಿ ಹಾಡುವುದು ಮನುಷ್ಯರಾದವರಿಗೆ ಸಾಧ್ಯವಿಲ್ಲ. ಅಷ್ಟರಲ್ಲಿ ಆ ಖಾಲಿಯೊಳಗಿಂದ, ಬಾವಿಯ ತಳದಲ್ಲಿ ಯಾರೋ ಮಾತಾಡಿದ ಹಾಗೆ, ಪಿಸುದನಿಯೊಂದು ಎದ್ದಿತು.

"ಹೇಳಲ್ಲ... ಅವಳಿಗೆ ಹೇಳಲ್ಲ."

ಆಮೇಲೆ ಮೌನ. ಎದುರಿನವನ ಮಾತಿಗೆ ಕಿವಿಗೊಟ್ಟಂಥ ಮೌನ.

"ಇಲ್ಲ, ನುಂಗ್ತಿಲ್ಲ. ನಾಲಿಗೆ ಕೆಳಗಿಟ್ಕೊಂಡು ಆಮೇಲೆ ಉಗೀತೀನಿ."

ಮತ್ತೆ ಮೌನ.

"ಇವತ್ತೇನಾ? ಆಯ್ತು. ಈ ಹಾಡೊಂದು ಮುಗೀಲಿ. ಮುಗಿದ ತಕ್ಷಣ ಬರ್ತೀನಿ. ಅದೇ ಗೋಡೆ ಹತ್ರ."

ಅಕ್ಕ ವೈರುಗಳ ಕಡೆ ನೋಡಿದಳು. ಕಂಡಿತು. ತಮ್ಮ ಹಾಡು ತಂದ ಖುಷಿಯಲ್ಲಿ ಮೈಮರೆತು, ಮೊದಲ ಸಲದ ದನಿಯ ವೈರನ್ನು ಎರಡನೇ ಸಲದ ತೂತಿಗೂ ಚುಚ್ಚಿದ್ದಳು. ಎರಡನೇ ಸಲ ಮೈಕಿನ ದನಿಯ ಜೊತೆಗೆ ಹಳೇ ಹಾಡೂ ದಾಖಲಾಗಿತ್ತು. ಅದನ್ನು ಕಳೆದರೆ ಉಳಿದದ್ದು ಮೈಕು ನಿಜವಾಗಿ ಕೇಳಿದ್ದು. ಅವನು ಎರಡನೇ ಸಲ ಹಾಡಿರಲೇ ಇಲ್ಲ. ಬೆನ್ನು ತಿರುಗಿಸಿ, ತಾಳ ಹಾಕುತ್ತಾ, ಕಿವಿಯೊಳಗಿನವನೊಡನೆ ಮಾತಾಡಿಕೊಂಡಿದ್ದ. ಬೇರೆ ದಿನವಾಗಿದ್ದರೆ ಇಂಥ ತಪ್ಪಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುತ್ತಿದ್ದಳು.

ಲೆಕ್ಕ ಸರಿಹೋಯಿತು, ಭಯ ಹೋಗಲಿಲ್ಲ. ಯಾಕೆಂದರೆ ದನಿ ತೋರಿಸುವ ಮುಳ್ಳು ತಮ್ಮನ ಮಾತಿಗೆ ಏಳುತ್ತಿತ್ತು, ಸರಿ. ಆ ಮೌನಗಳಲ್ಲೂ ಏಳುತ್ತಿತ್ತು. ಒಂದು ಮಾತಿನಷ್ಟು ಹೊತ್ತು ನಡುಗಿ, ಮಲಗುತ್ತಿತ್ತು. ಕಿವಿಯಲ್ಲಿ ಮಾತ್ರ ಏನೇನೂ ಇಲ್ಲ.

ಗಾಜನ್ನು ಯಾರೋ ತಟ್ಟಿದರು. ಬೆಚ್ಚಿಬಿದ್ದಳು. ಚಿನಕುರಳಿ ಎದ್ದು ನಿಂತಿದ್ದ. ಚಪ್ಪಲಿ ಮೆಟ್ಟಿಕೊಂಡಿದ್ದ. ಮುಖದ ತುಂಬ ನಗು.

"ಅಕ್ಕಾ, ಹಾಡು ಮುಗೀತಾ?"

ಹೌದೆಂದರೆ ಮೆಟ್ಟಿಲು ಹತ್ತುತ್ತಾನೆ. ಹೋಗಬೇಡವೋ ಎಂದು ಕಿರುಚಿದರೆ, ಅವನ ಕಿವಿಯಲ್ಲಿರುವವನು ಇನ್ನೂ ಜೋರಾಗಿ ಕಿರುಚುತ್ತಾನೆ. ಹಿಂದೊಮ್ಮೆ 'ವೈರು' ಎಂದು ಅವನನ್ನು ಒಂಟಿ ಮಾಡಿದ ನಾಲಿಗೆ ಇದು.

"ಎಲ್ಲಿ ಮುಗೀತು? ನನ್ನ ಸಾಲೇ ಬಾಕಿ ಇದೆ" ಎಂದಳು.

ನಗು ಹಾಗೇ ನಿಂತಿತು. "ನಿಂದಾ?"

ಅವಳು ಒಳಹೋಗಿ, ಅವನ ಬೆನ್ನ ಹಿಂದೆ, ಹಳೇ ಜಾಗದಲ್ಲಿ ನಿಂತಳು. ಅವನ ಬೆನ್ನ ಮೇಲೆ ಕೈಯಿಟ್ಟಳು. "ನೀನು ಅವನಿಗೆ ಪಿಸುಗುಟ್ಟಿದ್ದೆಲ್ಲಾ ಮೈಕಿಗೆ ಬಿದ್ದಿದೆ ಕಣೋ. ಕೇಳಿಸ್ಕೊಂಡೆ. ಮಾತ್ರೆದೂ. ಗೋಡೆದೂ."

"ಅವನ ಮಾತೂ ಕೇಳಿಸ್ತಾ?" ಎಂದ.

"ಇಲ್ಲ. ನಿಂಗೆ ಕೇಳ್ಸುತ್ತೆ ಅಂತ ನಂಬ್ತೀನಿ. ಈಗೇನಂತಿದಾನೆ?"

"ನಿನ್ನ ಆಚೆ ಕಳಿಸು ಅಂತಿದಾನೆ."

"ಅವನಪ್ಪನ ಮನೆ ಕೋಣೆನಾ ಇದು? ಬಾಡಿಗೆ ಕಟ್ಟೋಳು ನಾನು ಅಂತ ಹೇಳು!"

ಚಿನಕುರಳಿ ಕಿಸಕ್ಕನೆ ನಕ್ಕ. ನಗು ನಡುವೆಯೇ ಒಡೆದು ಅಳುವಾಯಿತು. "ಅಕ್ಕಾ, ಉಸಿರಾಡೋಕೂ ಬಿಡಲ್ಲ ಕಣೇ ಅವನು. ಭಯ ಆಗುತ್ತೆ" ಎಂದು ತಿರುಗಿ ಅವಳ ಹೆಗಲಿಗೆ ಮುಖ ಹುದುಗಿಸಿದ. "ನಂಗೂ ಭಯಾನೇ ಕಣೋ. ಅವನು ಬಾಯಿ ತೆರೆದಾಗೆಲ್ಲ ನನ್ನ ಕರಿ. ಕೊನೇ ಪದ ನಾನು ಎತ್ಕೋತೀನಿ, ನೀನು ಉಸಿರೆಳ್ಕೋ. ಈಗ ಡಾಕ್ಟರಮ್ಮನ ಹತ್ರ ಹೋಗೋಣ ನಡಿ" ಎಂದಳು. ಅಲ್ಲಿಂದಲೇ ಫೋನು ಮಾಡಿದಳು. ಅವನ ತೋಳನ್ನು ಮಾತ್ರ ಬಿಡಲಿಲ್ಲ.

ದೀಪವಾರಿಸುವ ಮುನ್ನ ಮೆಷಿನ್ನಿನ ಕಡೆ ಕಣ್ಣು ಹೋಯಿತು. ಖಾಲಿ ಕೋಣೆಯ ಮೈಕು ಇನ್ನೂ ತೆರೆದಿತ್ತು. ಮುಳ್ಳು ಒಮ್ಮೆ ಎದ್ದು, ನಡುಗಿ, ಮಲಗಿತು. ಅವಳು ಮೇನ್ ಸ್ವಿಚ್ಚನ್ನೇ ಕೆಡವಿ, ತಮ್ಮನನ್ನು ಮುಂದೆ ಬಿಟ್ಟುಕೊಂಡು ಮೆಟ್ಟಿಲು ಹತ್ತಿದಳು.

ಚಿನಕುರಳಿ ಇದ್ದಾನೆ. ಡಾಕ್ಟರಮ್ಮ ಮಾತ್ರೆ ಬದಲಿಸಿದ್ದಾರೆ. ಈಗ ಅಕ್ಕನ ಎದುರು ನುಂಗಿ, ನಾಲಿಗೆಯೆತ್ತಿ ತೋರಿಸುತ್ತಾನೆ. ನಾಲಿಗೆ ಮೇಲಿನ ಕಂಬಳಿ ಕೊಂಚ ತೆಳ್ಳಗಾಗಿದೆಯಂತೆ. ವಾರಕ್ಕೊಮ್ಮೆ ಇಬ್ಬರೂ ಆ ಕೋಣೆಗಿಳಿದು, ಅದೇ ಹಾಡಿಗೆ ಒಂದೊಂದು ಸಾಲು ಕೂಡಿಸುತ್ತಾರೆ. ಹಾಡು ಎಲ್ಲಿಂದೆಲ್ಲಿಗೋ ಬೆಳೆದಿದೆ. "ಇದ್ಯಾವಾಗಮ್ಮ ಮುಗಿಯೋದು?" ಎಂದು ಹಾಸಿಗೆ ಅಂಗಡಿಯವನು ಮೊನ್ನೆಯೂ ಕೇಳಿದ.

ಅಕ್ಕ ಮೊದಲು ತಮ್ಮನ ಮುಖ ನೋಡಿದಳು. ಆಮೇಲೆ, "ಮುಗಿಸಲ್ಲ ಕಣ್ರೀ" ಎಂದಳು.