ಹಾಲು ಕಟ್ಟಿದ ಜ್ವರ

“ಬಾಣಂತಿ ಚೆನ್ನಾಗಿದ್ದಾಳೆ ಅಂತ ಬರೆದಿದ್ದೀರಲ್ಲ, ಯಾವ ಕಣ್ಣಲ್ಲಿ ನೋಡಿದ್ರಿ? ಹೇಳ್ರೀ!”

ಶಿವರಾಜ್ ಆಶಾ ಕಾರ್ಯಕರ್ತೆ ವಿಮಲಾಳ ಕೈಯಿಂದ ಪುಸ್ತಕ ಕಿತ್ತುಕೊಂಡು ನೆಲಕ್ಕೆ ಎಸೆದ.

“ಪುಸ್ತಕದ ಮೇಲೆ ಯಾಕಣ್ಣ ಸಿಟ್ಟು? ಏಳನೇ ದಿನ ನಾನು ಬಂದಿದ್ದು ನಿಜ.”

“ಬಂದು ಏನ್ ಕಡಿದು ಕಟ್ಟೆ ಹಾಕಿದ್ರಿ? ಕಾಫಿ ಕುಡ್ಕೊಂಡು ಹೋದ್ರಾ?”

“ಈ ಮನೇಲಿ ನನಗೆ ಕಾಫಿ ಬೇರೆ! ಹೊಸ್ತಿಲು ದಾಟಿದ್ರೆ ತಾನೇ?” ಅಂದವಳು ಬಾಯಿ ಕಚ್ಚಿಕೊಂಡು ಮಹಾಂತಮ್ಮನ ಕಡೆ ನೋಡಿದಳು.

ಮಹಾಂತಮ್ಮ ಚಾಪೆಯ ಮೇಲೆ ಕಾಲು ನೀಡಿ, ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಒಳಲೆಯಲ್ಲಿ ಪುಡಿ ಹಾಲು ಕುಡಿಸುತ್ತಿದ್ದಳು. ಅಳಿಯನ ಕೂಗು ಪಕ್ಕದ ಮನೆಯ ಟೀವಿಯಲ್ಲಿ ಕೇಳಿದ ಹಾಗೆ ಕೇಳುತ್ತಿತ್ತು. ಮಗಳು ದಿವ್ಯಶ್ರೀ ಹೋದ ದಿನದಿಂದ ಅವಳಿಗೆ ಎಲ್ಲವೂ ಹಾಗೆಯೇ.

ಚೊಚ್ಚಲ ಹೆರಿಗೆ ತವರುಮನೆಯದು. ಗಂಡ ಜಯಪ್ಪ ಸತ್ತ ಮೇಲೆ ರವಿಕೆ ಹೊಲಿದು ಸಾಕಿದ ಒಬ್ಬಳೇ ಮಗಳು. ಬಾಣಂತನದಲ್ಲಿ ಕೊರತೆ ಅನ್ನಿಸಿಕೊಳ್ಳಬಾರದು ಅಂತ ಮಹಾಂತಮ್ಮ ಒಂದು ವರ್ಷ ಮೊದಲೇ ಕೊಬ್ಬರಿ, ಅಂಟು ಕೂಡಿಟ್ಟಿದ್ದಳು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯಿತು. ಐದನೇ ದಿನ ಭದ್ರಾವತಿಯ ಹಳೇನಗರದ ಈ ಮನೆಗೆ ಕರೆತಂದರು. ಒಂಬತ್ತನೇ ದಿನ ಮೈ ನಡುಗಿ ಮತ್ತೆ ಶಿವಮೊಗ್ಗಕ್ಕೆ ಒಯ್ದರು. ಹನ್ನೊಂದನೇ ದಿನ ಮುಗಿಯಿತು. ಒಳಗಿನ ಹೊಲಿಗೆ ಕೀವಾಗಿ ನಂಜು ರಕ್ತಕ್ಕೆ ಏರಿದೆ ಅಂದರು ಡಾಕ್ಟರು.

ಕೂಸು ನಡೆಯುವವರೆಗೂ ಅಜ್ಜಿಯ ಹತ್ತಿರವೇ ಇರಲಿ ಅಂತ ಶಿವರಾಜ್ ಒಪ್ಪಿದ್ದ. ಮಹಾಂತಮ್ಮನಿಗೆ ಉಳಿದಿದ್ದು ಅದೊಂದೇ.

ಬಾಣಂತಿ ಸತ್ತರೆ ಆಸ್ಪತ್ರೆಯವರು ಮನೆಯವರನ್ನೂ ಕೇಳಿ ಬರೆದುಕೊಳ್ಳಬೇಕಂತೆ. ಅದಕ್ಕೇ ವಿಮಲಾ ಬಂದಿದ್ದಳು. ಶಿವರಾಜನೂ ಅಡಿಕೆ ಮಂಡಿಗೆ ರಜೆ ಹಾಕಿ ಶಿವಮೊಗ್ಗದಿಂದ ಬಂದಿದ್ದ. ಜ್ವರ ಶುರುವಾಗಿದ್ದು ಯಾವತ್ತು ಅನ್ನುವಲ್ಲಿ ಜಗಳ ಹತ್ತಿಕೊಂಡಿತ್ತು.

“ಏಳನೇ ದಿನ ಚೆನ್ನಾಗಿದ್ದೋಳು ಒಂಬತ್ತಕ್ಕೆ ಕೊಳೆತು ಹೋದ್ಲಾ? ಕಂಪ್ಲೇಂಟ್ ಕೊಡ್ತೀನಿ. ನಿಮ್ಮ ಕೆಲಸ ಕಳೀದಿದ್ರೆ ಕೇಳಿ.”

“ಅಕ್ಕಾ, ನೀವಾದ್ರೂ ಬಾಯಿ ಬಿಡಿ ಮಾರಾಯ್ತಿ,” ಅಂದಳು ವಿಮಲಾ.

“ಅವರನ್ನ ಯಾಕೆ ಎಳೀತೀರಿ? ರಾತ್ರಿ ಹಗಲು ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ಕೊಂಡವರು ನಮ್ಮತ್ತೆ. ಅವರ ಹಾಗೆ ಇನ್ಯಾರು ನೋಡ್ತಿದ್ರು?”

ಮಹಾಂತಮ್ಮನ ಕೈ ನಿಂತಿತು. ಅವನು ತನ್ನನ್ನೂ ಬೈದಿದ್ದರೆ ಸುಮ್ಮನಿರುತ್ತಿದ್ದಳೇನೋ.

“ಜ್ವರ ಆರನೇ ದಿನವೇ ಇತ್ತು, ಅಳಿಯಂದ್ರೇ,” ಅಂದಳು. ಅಕ್ಕಿ ಮುಗಿದಿದೆ ಅಂದ ಹಾಗಿತ್ತು ದನಿ. “ಎದೇಲಿ ಹಾಲು ಕಟ್ಟಿದ ಜ್ವರ ಅಂದ್ಕೊಂಡೆ. ಮೆಣಸಿನ ಕಷಾಯ ಕೊಟ್ಟೆ. ಹೊಟ್ಟೆಗೆ ಬಟ್ಟೆ ಬಿಗಿಯಾಗಿ ಕಟ್ಟಿದೆ. ಉರಿ ಕಣಮ್ಮಾ ಅಂದ್ಲು. ಹೊಲಿಗೆ ಕೂಡ್ಕೊಳ್ಳೋವಾಗ ಉರಿಯುತ್ತೆ ಅಂದೆ.”

ವಿಮಲಾ ನೆಲಕ್ಕೆ ಬಿದ್ದಿದ್ದ ಪುಸ್ತಕ ಎತ್ತಿಕೊಂಡಳು.

“ಇವಳು ಬಂದಾಗ ನಾನೇ ಬಾಗಿಲಿಗೆ ಅಡ್ಡ ನಿಂತೆ. ಈಗ ತಾನೇ ನಿದ್ದೆ ಹತ್ತಿದೆ, ಚೆನ್ನಾಗಿದ್ದಾಳೆ, ಬರ್ಕೊಂಡು ಹೋಗು ಅಂದೆ. ದಿವ್ಯ ಒಳಗಿಂದ ಯಾರಮ್ಮಾ ಅಂದ್ಲು. ಯಾರೂ ಇಲ್ಲ, ಮಲ್ಕೋ ಅಂದೆ.”

“ನನಗೆ ಫೋನ್ ಮಾಡು ಅನ್ಲಿಲ್ವಾ ಅವಳು?” ಶಿವರಾಜ್ ಕೇಳಿದ.

“ಅಂದ್ಲು. ನಾನೇ ಫೋನ್ ಎತ್ತಿಟ್ಟೆ. ತವರಿಗೆ ಬಂದ ಮರುದಿನವೇ ಮಲಗಿದ್ಲು ಅಂದ್ರೆ ನಿಮ್ಮ ಮನೆಯವರು ಏನಂದಾರು ಅಂತ.”

“ಏನಂತಿದ್ವಿ ಅತ್ತೆ? ಏನಂತಿದ್ವಿ?”

ಮಹಾಂತಮ್ಮ ಒಳಲೆ ಕೆಳಗಿಟ್ಟಳು. ಅವರು ಏನೂ ಅನ್ನುತ್ತಿರಲಿಲ್ಲವೋ ಏನೋ.

ಶಿವರಾಜ್ ಬಗ್ಗಿ, ತೊಡೆಯ ಮೇಲಿಂದ ಕೂಸನ್ನು ಎತ್ತಿಕೊಂಡ. ಎತ್ತಲು ಬರುತ್ತಿರಲಿಲ್ಲ ಅವನಿಗೆ, ಕುತ್ತಿಗೆ ಜೋಲಿತು. ಮಹಾಂತಮ್ಮನ ಕೈ ತಾನಾಗಿ ಮುಂದೆ ಹೋಗಿ ತಲೆಯನ್ನು ಅವನ ಮೊಣಕೈಗೆ ಸರಿಮಾಡಿ ಕೊಟ್ಟಿತು.

“ಹಾಲು ಇನ್ನೂ ಪೂರ್ತಿ ಕುಡಿದಿಲ್ಲ,” ಅಂದಳು.

“ಅಣ್ಣಾ, ಇಷ್ಟು ಎಳೇ ಮಗುನ…” ಅಂತ ವಿಮಲಾ ಹಿಂದೆ ಓಡಿದಳು. ಅವನು ತಿರುಗಿ ನೋಡಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದು, ಹೋಗುತ್ತಿದ್ದ ಆಟೋ ನಿಲ್ಲಿಸಿ ಹತ್ತಿದ. ಕೂಸಿನ ಅಳು ತಿರುವಿನವರೆಗೂ ಕೇಳಿಸಿ ನಿಂತಿತು.

ಸಿಟ್ಟು ಇಳಿದರೆ ಸಂಜೆಗೆ ಬರುತ್ತಾನೆ ಅಂದಳು ವಿಮಲಾ. ಸಂಜೆಗೆ ಬರಲಿಲ್ಲ. ನಾಮಕರಣಕ್ಕೆ ಕರೆಯಲಿಲ್ಲ. ಶಿವಮೊಗ್ಗ ಮುಕ್ಕಾಲು ಗಂಟೆಯ ದಾರಿ, ಗಳಿಗೆಗೊಂದು ಬಸ್ಸು. ಅವನು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.