ಇಪ್ಪತ್ಮೂರು ಮನೆಯ ಚಿತ್ರಾನ್ನ

ಹೊರದೇಶದ ಕನ್ನಡ ಸಂಘದ ಬೇಸಿಗೆ ಪಿಕ್ನಿಕ್ಕಿಗೆ ಮನೆಮನೆಯಿಂದ ಅಡುಗೆ ತರುವ ಪದ್ಧತಿ ಉಳಿಸಿಕೊಳ್ಳಲು ಪ್ರಫುಲ್ಲಾ ಅವರಿಗೆ ಸಿಕ್ಕಿದ್ದು ಒಂದೇ ಒಂದು ಅವಕಾಶ. ಹೋದ ವರ್ಷ ಪೋರ್ಟ್ ಕ್ರೆಡಿಟ್ಟಿನ ಸರೋವರದ ದಂಡೆಯ ಪಾರ್ಕಿನಲ್ಲಿ ಮೇಜಿನ ತುಂಬ ಬರೀ ಚಿತ್ರಾನ್ನ. ಪಲ್ಯವಿಲ್ಲ, ಸಾರಿಲ್ಲ, ರೊಟ್ಟಿಯ ಚೂರೂ ಇಲ್ಲ. ಅಧ್ಯಕ್ಷ ಹರ್ಷವರ್ಧನ್‌ಗೆ ರೇಗಿಹೋಗಿತ್ತು. "ಇನ್ಮೇಲೆ ಕೇಟರಿಂಗೇ ಸರಿ ಆಂಟಿ, ಆರ್ಡರ್ ಕೊಟ್ಬಿಡೋಣ," ಎಂದಿದ್ದ. ಈ ವರ್ಷದ ಪಿಕ್ನಿಕ್ಕಿಗೆ ವಾರವಿರುವಾಗ ಅದೇ ಮಾತು ಮತ್ತೆ ಎತ್ತಿದ.

ಕೇಟರಿಂಗ್ ಅಂದರೆ ಗೊತ್ತಲ್ಲ? ಪನೀರು, ನಾನ್, ಮತ್ತೆ ಪನೀರು! ಜೀವಮಾನವಿಡೀ ಆಪರೇಷನ್ನಿಗೆ ಅರಿವಳಿಕೆ ಕೊಟ್ಟು ನಿವೃತ್ತರಾದ ಧಾರವಾಡದ ಡಾಕ್ಟರಮ್ಮ ಪ್ರಫುಲ್ಲಾ ತಕ್ಷಣ ಅಡ್ಡ ಬಂದರು.

"ಈ ವರ್ಷ ನನಗ ಬಿಡಪಾ. ಶುಕ್ರವಾರ ಸಂಜೀಕ ಮೆನು ಕೊಡ್ತೀನಿ. ಆಗ್ಲಿಲ್ಲಂದ್ರ ನಿನ್ನ ಪನೀರ್ ತರಸು."

ಹೇಳಿದ್ದೇನೋ ಆಯಿತು. ವಾಟ್ಸಾಪ್ ಗುಂಪು ತೆರೆದರೆ ದೇವರೇ ಗತಿ! ಯಾರು ಏನು ತರುತ್ತಾರೆಂಬುದು ಗುಡ್ ಮಾರ್ನಿಂಗ್ ಹೂಗಳು, ಹಳಸಲು ಜೋಕುಗಳ ನಡುವೆ ಹೂತುಹೋಗಿತ್ತು. ಎಲ್ಲರೂ ಬರೆಯುವುದು ಇಂಗ್ಲಿಷ್ ಅಕ್ಷರದಲ್ಲೇ. ಒಬ್ಬರು ದೊಡ್ಡಕ್ಷರದಲ್ಲಿ ಕೂಗಿದ್ದರು, ಒಬ್ಬರು ಸಣ್ಣಕ್ಷರದಲ್ಲಿ ಪಿಸುಗುಟ್ಟಿದ್ದರು, ಇನ್ನೊಬ್ಬರು ಚಿತ್ರಾನ್ನವನ್ನು 'ಲೆಮನ್ ರೈಸ್' ಎಂದಿದ್ದರು.

ಓಕ್‌ವಿಲ್‌ನ ಲೈಬ್ರರಿಯಲ್ಲಿ ಹಿರಿಯರಿಗೆಂದು ನಡೆದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಕ್ಲಾಸಿಗೆ ಪ್ರಫುಲ್ಲಾ ಚಳಿಗಾಲವಿಡೀ ಹೋಗಿದ್ದರು. ಗುಂಪಿನ ಹರಟೆಯನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಕೂತರು. ಸ್ಪ್ಲಿಟ್ ಎಂಬ ಆಜ್ಞೆ ಅದನ್ನು ಸಾಲುಸಾಲಾಗಿ ಬಿಡಿಸಿಕೊಟ್ಟಿತು. ಲೋವರ್ ಅಂದರೆ ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸು ಅಂತ. ರಿಪ್ಲೇಸ್ ಅಂದರೆ 'ಲೆಮನ್ ರೈಸ್' ತೆಗೆದು 'ಚಿತ್ರಾನ್ನ' ಇಡು ಅಂತ. ಎರಡನ್ನೂ ಬರೆದು, ಚಿತ್ರಾನ್ನ ಎಣಿಸೆಂದು ಕೇಳಿದರೆ ಬಂದ ಉತ್ತರ ನಾಲ್ಕು. ಸುಳ್ಳು! ಕಣ್ಣಾರೆ ಕಂಡದ್ದೇ ಅದಕ್ಕಿಂತ ಹೆಚ್ಚಿತ್ತು. ದಿನವೆಲ್ಲ ತಿದ್ದಿದರೂ ನಾಲ್ಕೇ ನಾಲ್ಕು.

ಗಂಡ ಚನ್ನಬಸಪ್ಪ, ಕಾರ್ ಫ್ಯಾಕ್ಟರಿಯ ನಿವೃತ್ತ ಇಂಜಿನಿಯರ್, ಸೋಫಾದಿಂದಲೇ ಬಾಣ ಬಿಟ್ಟರು. "ಈ ವಯಸ್ಸಿನಾಗ ಯಾಕ ಬೇಕಿತ್ತು ಈ ಉಸಾಬರಿ?"

"ನೀವು ಸುಮ್ಮನ ಚಾ ಕುಡೀರಿ."

ಶುಕ್ರವಾರ ಮಧ್ಯಾಹ್ನ ಪ್ರಫುಲ್ಲಾ ಅವರ ಕಣ್ಣು ತೆರೆಯಿತು. ಲೋವರ್, ರಿಪ್ಲೇಸ್ ಇವು ಹಳೆಯ ಸಾಲನ್ನು ಮುಟ್ಟುವುದೇ ಇಲ್ಲ. ತಿದ್ದಿದ ಹೊಸ ಪ್ರತಿಯನ್ನು ಕೈಗೆ ಕೊಡುತ್ತವೆ, ಇಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಪ್ರಫುಲ್ಲಾ ಇಟ್ಟುಕೊಂಡೇ ಇರಲಿಲ್ಲ. ತೊಳೆದ ಅಕ್ಕಿ ಚೆಲ್ಲಿ, ತೊಳೆಯದ ಅಕ್ಕಿಯನ್ನು ಒಲೆಗಿಟ್ಟ ಹಾಗಾಗಿತ್ತು. ಹೊಸ ಪ್ರತಿಗೊಂದು ಹೆಸರು ಕೊಟ್ಟು ಪ್ರೋಗ್ರಾಮನ್ನು ಮತ್ತೆ ಓಡಿಸಿದರು.

ಚಿತ್ರಾನ್ನ ಇಪ್ಪತ್ಮೂರು. ಪಲ್ಯ ಸೊನ್ನೆ. ರೊಟ್ಟಿ ಸೊನ್ನೆ.

"ಸಿಕ್ಕಿಬಿದ್ರು ನೋಡ್ರಿ ಎಲ್ಲಾರೂ!" ಎಂದು ಎದ್ದು ಕುಣಿದೇಬಿಟ್ಟರು. ಮಂಡಿನೋವು ಆಗ ಎಲ್ಲಿ ಹೋಗಿತ್ತೋ ಏನೋ.

ಆದರೆ 'ನಿಮ್ಮ ಚಿತ್ರಾನ್ನ ಬೇಡ' ಅಂತ ನಮ್ಮವರಿಗೆ ಬಾಯಿಬಿಟ್ಟು ಹೇಳುವುದುಂಟೇ? ಮೊಮ್ಮಕ್ಕಳ ಕಾಲಕ್ಕೂ ಮಾತು ಬಿಟ್ಟಾರು! ಅದಕ್ಕೆ ಪೈಥಾನಿನಲ್ಲಿ ಮದ್ದಿಲ್ಲ. ಪ್ರಫುಲ್ಲಾ ಫೋನೆತ್ತಿದರು.

"ನಾಗವ್ವಕ್ಕಾ, ನಿಮ್ಮ ಕೈಯಾಗಿನ ಎಣ್ಣೆಗಾಯಿ ತಿಂದು ಎಷ್ಟು ದಿನಾ ಆತ್ರಿ!"

"ಅಯ್ಯ, ನಾ ಚಿತ್ರಾನ್ನ ಅಂತ ಹಾಕೀನಲ್ಲ?"

"ಅದನ್ನ ಯಾರರೆ ತರ್ತಾರ ಬಿಡ್ರಿ. ಎಣ್ಣೆಗಾಯಿ ನಿಮ್ಮ ಬಿಟ್ರ ಯಾರಿಗೆ ಬರ್ತದ?"

ನಾಗವ್ವ ಬೆಣ್ಣೆಯ ಹಾಗೆ ಕರಗಿದರು. ಆಮೇಲೆ ಪ್ರಫುಲ್ಲಾ ಒಂದೊಂದೇ ಮನೆಗೆ ಫೋನ್ ಮಾಡಿ ಸೌಮ್ಯಾಳ ಬಸ್ಸಾರನ್ನು ಹೊಗಳಿದರು, ತಿಪ್ಪಣ್ಣನವರ ಮನೆಯ ಜೋಳದ ರೊಟ್ಟಿಯನ್ನು ಕೊಂಡಾಡಿದರು. ಸಂಜೆಗೆ ಹರ್ಷವರ್ಧನ್‌ಗೆ ಮೆನು ಹೋಯಿತು. "ನೋಡೋಣ," ಎಂದಷ್ಟೇ ಉತ್ತರ ಬಂತು.

ಭಾನುವಾರ ಸರೋವರದ ದಂಡೆಯಲ್ಲಿ ಮೇಜು ಬಾಗುವಷ್ಟು ಅಡುಗೆ. ರೊಟ್ಟಿ, ಎಣ್ಣೆಗಾಯಿ, ಬಸ್ಸಾರು, ಕೋಸಂಬರಿ, ಹೋಳಿಗೆ! ಕಾಲೇಜು ಹುಡುಗರು ಮೂರು ಸಲ ಸಾಲಿಗೆ ನಿಂತರು. ಪಾತ್ರೆಗಳು ಬರಿದಾದವು. ಹರ್ಷವರ್ಧನ್ ಕೈಯಲ್ಲಿದ್ದ ಹೋಳಿಗೆಯನ್ನು ಗಬಕ್ಕನೆ ಬಾಯಿಗಿಟ್ಟು ಮೈಕು ಹಿಡಿದ.

"ನಾನು ಸೋತೆ ಕಣ್ರೀ. ಮುಂದಿನ ವರ್ಷಾನೂ ಮನೆ ಊಟಾನೇ. ಕೇಟರಿಂಗ್ ಮಾತು ಯಾರೂ ಎತ್ಬೇಡಿ. ಪ್ರಫುಲ್ಲಾ ಆಂಟಿಗೆ ಜೋರಾಗಿ ಒಂದು ಚಪ್ಪಾಳೆ!"

ಚಪ್ಪಾಳೆಗೆ ದಂಡೆಯ ಬಾತುಕೋಳಿಗಳು ಬೆದರಿ ನೀರಿಗಿಳಿದವು. ಪ್ರಫುಲ್ಲಾ ಹಿಗ್ಗಿ ಹೀರೇಕಾಯಿಯಾದರು. ಕಣ್ಣಲ್ಲಿ ನೀರೂ ಬಂತು. ಛೇ, ನಾನೇನು ಮಾಡಿದೆ, ಎಲ್ಲ ನಿಮ್ಮ ಆಶೀರ್ವಾದ ಅಂತೆಲ್ಲ ಅನ್ನುತ್ತಾರೆಂದು ಜನ ಕಾದರು.

"ಗೆದ್ದೆ ನಾನು!" ಎಂದು ಎರಡೂ ಕೈ ಮೇಲೆತ್ತಿ ಕೂಗಿದರು ಪ್ರಫುಲ್ಲಾ. ಒಂದಿಷ್ಟೂ ನಾಚಲಿಲ್ಲ.