ಹೆಲ್ಮೆಟ್ ಕ್ಯಾಮೆರಾದಲ್ಲಿ ಕಂಡ ಮನೆ

ಇಪ್ಪತ್ತೆರಡು ವರ್ಷ ಕಂಟ್ರೋಲ್ ರೂಮಿನಲ್ಲಿ ವೈರ್‌ಲೆಸ್ ಹಿಡಿದವಳು ನಾನು. ಕ್ಯಾಮೆರಾ ಬೇಡ, ಕಿವಿಯೊಂದೇ ಸಾಕು ಎಂದು ಜಗಳವಾಡಿದ್ದೆ. ಯಾರು ಕೇಳುತ್ತಾರೆ? ಹೊಸ ನೆಟ್‌ವರ್ಕ್ ಬಂತು, ಅಗ್ನಿಶಾಮಕದವರ ಹೆಲ್ಮೆಟ್ಟಿಗೆ ಕ್ಯಾಮೆರಾ ಬಂತು. ಅವರು ಕಂಡದ್ದು ಆ ಕ್ಷಣವೇ ನನ್ನ ಪರದೆಯಲ್ಲಿ. ಇಬ್ಬರೂ ಒಟ್ಟಿಗೇ ಮಾತಾಡಬಹುದಂತೆ. ಹಳೆಯ ಸೆಟ್ಟಿನಲ್ಲಿ ಆ ಕಡೆಯವರು ಮಾತು ಮುಗಿಸಿ ‘ಓವರ್’ ಅನ್ನುವ ತನಕ ನಾವು ತುಟಿ ಬಿಚ್ಚುವಂತಿರಲಿಲ್ಲ.

ಇವತ್ತು ಮಧ್ಯಾಹ್ನ ಮೂರನೇ ಮಹಡಿಯ ಮನೆಯೊಂದಕ್ಕೆ ಬೆಂಕಿ ಬಿತ್ತು. ಪಕ್ಕದ ಮನೆಯವರು ಫೋನ್ ಮಾಡಿದ್ದರು. ನಾವೆಲ್ಲ ಉದ್ದಣ್ಣ ಎಂದು ಕರೆಯುವ ಫೈರ್‌ಮ್ಯಾನ್ ಒಳಗೆ ನುಗ್ಗಿದ.

ಪರದೆಯಲ್ಲಿ ಬರೀ ಹೊಗೆ. ಆಮೇಲೆ ಒಂದು ಕೋಣೆ, ಮಂಚ, ಬೀರು. "ಯಾರಾದ್ರೂ ಇದೀರಾ?" ಎಂದು ಮೂರು ಸಲ ಕೂಗಿದ. ಉತ್ತರವಿಲ್ಲ. "ಯಾರೂ ಇಲ್ಲ ಅಕ್ಕ, ವಾಪಸ್ ಬರ್ತಿದೀನಿ."

ಅವನು ತಿರುಗುವಾಗ ಮಂಚದ ಕಾಲ ಬಳಿ ಒಂದು ಜೊತೆ ಚಪ್ಪಲಿ ಕಂಡಿತು. ಎಡಗಾಲಿನದರ ಪಟ್ಟಿಗೆ ಕೆಂಪು ದಾರದ ಹೊಲಿಗೆ. ಹೊಲಿದವಳು ನಾನೇ. ಅಪ್ಪನ ಚಪ್ಪಲಿ!

ಅಪ್ಪ ಇರುವುದು ತಮ್ಮನ ಜೊತೆ. ತಮ್ಮನೊಡನೆ ಕಿತ್ತಾಡಿ, ‘ನಿನ್ನ ಹೊಸ ಮನೆ ಹೊಸ್ತಿಲು ತುಳಿಯಲ್ಲ’ ಎಂದು ಬಂದಿದ್ದೆ, ವಿಳಾಸವನ್ನೂ ಕೇಳಿರಲಿಲ್ಲ. ಇದೇ ಆ ಮನೆ! ಅಪ್ಪ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಇಡುವವರಲ್ಲ. ಮಧ್ಯಾಹ್ನ ಕಿವಿಯ ಮಿಷನ್ ಕಳಚಿ ಜೇಬಿಗೆ ಹಾಕಿ, ಮಂಚದಾಚೆ ತಣ್ಣನೆಯ ನೆಲದ ಮೇಲೇ ಮಲಗುತ್ತಾರೆ. ಉದ್ದಣ್ಣ ಎಷ್ಟು ಕೂಗಿದರೇನು?

ಅವನು ಬಾಗಿಲು ದಾಟುತ್ತಿದ್ದ, ಮೆಟ್ಟಿಲಲ್ಲಿ ಹೊಗೆ ಜಾಸ್ತಿ ಅಂತ ಏನೋ ಹೇಳುತ್ತಲೇ ಇದ್ದ. ನಾನು ಬಟನ್ ಮೇಲೆ ಬೆರಳಿಟ್ಟು ಕೂತೇ ಇದ್ದೆ. ಯಾವುದಕ್ಕೆ ಕಾಯುತ್ತಿದ್ದೆ ಗೊತ್ತೇ? ‘ಓವರ್’ಗೆ! ಅಯ್ಯೋ, ನನ್ನ ಹಾಳು ಅಭ್ಯಾಸಕ್ಕೆ ಬೆಂಕಿ ಹಾಕ!

"ನಿಲ್ಲೋ!" ಕಿರುಚಿದೆ. ಕಂಟ್ರೋಲ್ ರೂಮೇ ತಿರುಗಿ ನೋಡಿತು. "ಮಂಚದ ಆಚೆ ನೋಡೋ, ನೆಲದ ಮೇಲೆ! ನಮ್ಮಪ್ಪ ಕಣೋ!"

ಪರದೆ ಗರ್ರನೆ ತಿರುಗಿತು. ಮಂಚಕ್ಕೂ ಗೋಡೆಗೂ ನಡುವೆ ಅಪ್ಪ ಮಗ್ಗುಲಾಗಿ ಬಿದ್ದಿದ್ದರು. ಅಲುಗಾಡಲಿಲ್ಲ. ಉದ್ದಣ್ಣ ಎತ್ತಿ ಹೆಗಲಿಗೆ ಹಾಕಿಕೊಂಡಾಗ ಒಂದು ಕೆಮ್ಮು ಕೇಳಿಸಿತು.

ಕೆಳಗಿಳಿಸಿ, ಗಾಳಿ ಕೊಟ್ಟು, ನಾನು ಹೇಳಿದಂತೆ ಜೇಬಿನ ಮಿಷನ್ನನ್ನು ಕಿವಿಗೆ ಸಿಕ್ಕಿಸಿ ಉದ್ದಣ್ಣ ಹೇಳಿದ, "ತಾತ, ಇಲ್ಲಿ ನೋಡಿ, ನಿಮ್ಮ ಮಗಳು ಈ ಕ್ಯಾಮೆರಾದಲ್ಲಿ ನೋಡ್ತಿದಾರೆ. ನೀವಿರೋ ಜಾಗ ಹೇಳಿದ್ದೇ ಅವರು."

ಮಸಿ ಹಿಡಿದ ಮುಖ ನೇರ ನನ್ನತ್ತ ತಿರುಗಿತು.

"ಅವಳಾಗಿರಲ್ಲ ಬಿಡಪ್ಪ," ಎಂದರು ಅಪ್ಪ. "ಅವಳು ಈ ಮನೆ ಕಡೆ ತಲೆ ಹಾಕಿಯೂ ಮಲಗಲ್ಲ."

ಅವರ ಮಾತು ಮುಗಿದಿತ್ತು. ಈಗ ನನ್ನ ಸರದಿ, ಬೆರಳು ಬಟನ್ ಮೇಲೇ ಇತ್ತು.